ನಾನು ಅಳಿಸಿದ ಚುಕ್ಕೆಗಳು

ನನ್ನ ಬೀಗಿತ್ತಿ ಓದುವಾಗ ತೋರುಬೆರಳು ಸಾಲಿನ ಕೆಳಗೇ ಇರುತ್ತಿತ್ತು. ಬೆರಳು ನಿಂತರೆ ಓದೂ ನಿಲ್ಲುತ್ತಿತ್ತು. ವರ್ಷಗಟ್ಟಲೆ ಹಿಪ್ಪುನೇರಳೆ ಸೊಪ್ಪು ಹೆಚ್ಚಿ ಉಗುರಿನ ಅಂಚು ಕಪ್ಪುಗಟ್ಟಿದ್ದ ಆ ಬೆರಳನ್ನು ನಾನು ನೂರು ದಿನಕ್ಕೂ ಮಿಕ್ಕಿ ನೋಡಿದ್ದೇನೆ. ಮೊದಮೊದಲು ಅಸಹನೆಯಿಂದ, ಆಮೇಲೆ ಬೇರೆ ಬಗೆಯಲ್ಲಿ.

ಬೀಗಿತ್ತಿ ಎಂದರೆ ನನ್ನ ಮಗಳ ಅತ್ತೆ. ಕನಕಪುರದಾಚೆಯ ಒಂದು ಹಳ್ಳಿಯವರು, ರೇಷ್ಮೆ ಹುಳ ಸಾಕಿ ಮಕ್ಕಳನ್ನು ಓದಿಸಿದವರು. ನಾನು ಮೈಸೂರಿನವಳು. ಇಬ್ಬರೂ ಕ್ಯಾಥೊಲಿಕರೇ, ಇಬ್ಬರೂ ಗಂಡನನ್ನು ಕಳೆದುಕೊಂಡವರೇ. ಮಗಳ ಬಾಣಂತನಕ್ಕೆಂದು ಇಬ್ಬರೂ ಒಂದೇ ವಿಮಾನದಲ್ಲಿ ಮಲೇಷ್ಯಾಕ್ಕೆ ಬಂದು ಪುಚೊಂಗ್‌ನ ಹನ್ನೊಂದನೇ ಮಹಡಿಯ ಕಾಂಡೊ ಒಂದರಲ್ಲಿ ಇಳಿದಿದ್ದೆವು. ಮಗು ಹುಟ್ಟಿ ಹದಿನೈದು ದಿನವೂ ಆಗಿರಲಿಲ್ಲ, ಲಾಕ್‌ಡೌನ್ ಬಂತು. ಅಲ್ಲಿ ಅದನ್ನು ಎಂಸಿಒ ಅನ್ನುತ್ತಿದ್ದರು. ಮನೆಗೊಬ್ಬರು ಮಾತ್ರ ಸಾಮಾನು ತರಲು ಹೊರಗೆ ಹೋಗಬಹುದು. ನಮ್ಮ ಮನೆಯಲ್ಲಿ ಆ ಒಬ್ಬ ನನ್ನ ಅಳಿಯ. ಆರು ವಾರಕ್ಕೆಂದು ಬಂದ ನಾವಿಬ್ಬರು ಹೆಂಗಸರು ವಿಮಾನವೇ ಇಲ್ಲದೆ ಅಲ್ಲೇ ಉಳಿದೆವು, ಒಂದೇ ಕೋಣೆಯಲ್ಲಿ, ಎರಡು ಮಂಚಗಳ ನಡುವೆ ಒಂದು ಮೊಳದ ಅಂತರದಲ್ಲಿ.

ಮಗಳಿಗೆ ಸಿಸೇರಿಯನ್ ಆಗಿತ್ತು. ಲಾಕ್‌ಡೌನಿನ ಎರಡನೇ ವಾರದಲ್ಲಿ ಒಂದು ಮಧ್ಯಾಹ್ನ, ಹೊಲಿಗೆ ಎಳೆಯುತ್ತಿದೆ ಎಂದು ಮಗ್ಗುಲಾಗಿ ಮಲಗಿದ್ದವಳು ನನ್ನ ಕೈ ಹಿಡಿದುಕೊಂಡು, "ಮಮ್ಮಿ, ನೀನು ಅತ್ತೆ ಜೊತೆ ಚೆನ್ನಾಗಿರ್ತೀಯಾ ಅಲ್ವಾ? ಪ್ಲೀಸ್. ಈ ಮನೇಲಿ ಬಾಗಿಲು ತೆಗೆದು ಎಲ್ಲಿಗೂ ಹೋಗೋಕಾಗಲ್ಲ" ಅಂದಳು.

"ನಾನೇನು ಜಗಳಗಂಟಿನಾ?" ಅಂದೆ.

"ಜಗಳ ಆಡಲ್ಲ ನೀನು. ಕರೆಕ್ಟ್ ಮಾಡ್ತೀಯಾ."

ಮಾತು ನಿಜವಾಗಿತ್ತು. ನಾನು ಓದಿದ್ದು ಸಿಸ್ಟರುಗಳ ಕಾನ್ವೆಂಟಿನಲ್ಲಿ. ಪುಸ್ತಕದ ಮಾರ್ಜಿನ್ ಸ್ವಚ್ಛವಾಗಿರಬೇಕು, ಕಾಮಾ ಬಂದರೆ ಒಂದು ಎಣಿಸಬೇಕು, ಫುಲ್‌ಸ್ಟಾಪ್ ಬಂದರೆ ಎರಡು, ಕುರ್ಚಿಯನ್ನು ಎತ್ತಿ ಇಡಬೇಕು, ಎಳೆಯಬಾರದು. ಏಳನೇ ಸ್ಟ್ಯಾಂಡರ್ಡಿನಲ್ಲಿ ನನಗೆ ಹ್ಯುಮಿಲಿಟಿಗೆಂದು ಒಂದು ಬಹುಮಾನ ಬಂದಿತ್ತು. ವೇದಿಕೆ ಹತ್ತಿ ತಲೆ ತಗ್ಗಿಸಿ ತೆಗೆದುಕೊಂಡೆ. ಹೇಗೆ ತಗ್ಗಿಸಬೇಕೆಂದು ಹಿಂದಿನ ದಿನ ಕನ್ನಡಿಯ ಮುಂದೆ ಪ್ರಾಕ್ಟೀಸ್ ಮಾಡಿದ್ದೆ. ಮದುವೆಯಾದ ಮೇಲೆ ನಮ್ಮ ಪ್ಯಾರಿಶ್‌ನಲ್ಲಿ ಮೂವತ್ತು ವರ್ಷ ಬಲಿಪೂಜೆಯ ವಾಚನ ಓದಿದೆ, ಹೊಸ ಲೆಕ್ಟರುಗಳಿಗೆ ತರಬೇತಿಯನ್ನೂ ಕೊಟ್ಟೆ. ಪವಿತ್ರಗ್ರಂಥವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ, ಇಂಗ್ಲಿಷಿನಲ್ಲಿ, ಹನ್ನೊಂದು ಸಲ ಓದಿ ಮುಗಿಸಿದ್ದೆ. ಅದನ್ನು ಯಾರಿಗೂ ಹೇಳುತ್ತಿರಲಿಲ್ಲ. ಆದರೆ ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದೆ.

ಬೀಗಿತ್ತಿ ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವರು. ಅವರು ನಮ್ಮ ಮನೆಯಲ್ಲಿ ಅತಿ ಹೆಚ್ಚು ಬಳಸುತ್ತಿದ್ದ ಮಾತು "ಗೊತ್ತಿಲ್ಲ, ಏಳ್ಕೊಡು." ಹೇಳಿಕೊಡು ಎನ್ನುವುದನ್ನು ಅವರು ಹಾಗೆ ಅನ್ನುವುದು. ವಾಷಿಂಗ್ ಮೆಷೀನಿನ ಮುಂದೆ ನಿಂತು ಸೊಸೆಗೆ ಹಾಗೆ ಅಂದರು. ವಾಟ್ಸಾಪ್ ಕಾಲ್ ಬಂದಾಗ ಮಗನಿಗೆ ಅಂದರು. ನಾನು ಬಂದ ಮೊದಲ ದಿನವೇ ಇಂಡಕ್ಷನ್ ಒಲೆ ನನಗೆ ಗೊತ್ತು ಎಂದಿದ್ದೆ. ಗೊತ್ತಿರಲಿಲ್ಲ. ಯಾರೂ ಇಲ್ಲದಾಗ ಹಾಲು ಉಕ್ಕಿಸಿ ಉಕ್ಕಿಸಿ ಕಲಿತೆ. ಅವರು ಕೇಳಿ ಒಂದೇ ದಿನದಲ್ಲಿ ಕಲಿತರು.

ಸಂಜೆ ಏಳಕ್ಕೆ ಅಳಿಯ ಆಫೀಸಿನ ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ಹಾಲ್‌ನಲ್ಲಿ ಪ್ರಾರ್ಥನೆ. ಚರ್ಚುಗಳೆಲ್ಲ ಮುಚ್ಚಿದ್ದರಿಂದ ಮಗಳು ಮಾಡಿಕೊಂಡ ಏರ್ಪಾಡು. ಆ ದಿನದ ವಾಚನವನ್ನು ಒಂದು ದಿನ ನಾನು, ಒಂದು ದಿನ ಬೀಗಿತ್ತಿ ಓದಬೇಕು. ಪುಸ್ತಕ ಅವರದು, ಕನ್ನಡದ್ದು, ಬೆನ್ನು ಬಿಚ್ಚಿಹೋದದ್ದು. ಅವರ ಸರದಿ ಬಂದರೆ ನನಗೆ ಕೂರಲಾಗುತ್ತಿರಲಿಲ್ಲ. ಒಂದು ಒತ್ತಕ್ಷರ ಬಂದರೆ ಬೆರಳು ನಿಲ್ಲುತ್ತಿತ್ತು, ನನ್ನ ಬಾಯಿ ತಾನಾಗಿ ಆ ಪದವನ್ನು ಹೇಳಿಬಿಡುತ್ತಿತ್ತು. ಅವರು ತಲೆಯೆತ್ತಿ, "ಆ, ಅದೇ" ಎಂದು ಮತ್ತೆ ತಾವೇ ಕೂಡಿಸಿ ಓದುತ್ತಿದ್ದರು. ಒಂದು ಸಂಜೆ ನಾನು ನಗುನಗುತ್ತಲೇ, "ಬೀಗರೇ, ನಿಮ್ಮದು ಪ್ಯಾಸೆಂಜರ್ ಗಾಡಿ" ಅಂದೆ.

ಅವರು ಕಿಟಕಿಯ ಕಡೆ ಕೈ ತೋರಿಸಿದರು. ಕೆಳಗೆ ಎಲ್‌ಆರ್‌ಟಿ ರೈಲು ಒಬ್ಬ ಮನುಷ್ಯನೂ ಇಲ್ಲದೆ ಹೋಗುತ್ತಿತ್ತು. "ಅದ ನೋಡಿ ಬೀಗ್ರೆ. ಅತ್ತೋರಿಲ್ಲ, ಇಳ್ಯೋರಿಲ್ಲ, ಆದ್ರೂ ಒಂದ್ ಟೇಸನ್ನೂ ಬುಡಾಕಿಲ್ಲ. ನಾನೂ ಅಂಗೇ."

ಅಳಿಯ ಬಿದ್ದು ಬಿದ್ದು ನಕ್ಕ. ನಾನೂ ನಕ್ಕೆ. ಮಗಳು ಮಾತ್ರ ನನ್ನನ್ನೇ ನೋಡುತ್ತಿದ್ದಳು.

ಸಂಜೆಯದಲ್ಲದೆ ಬೀಗಿತ್ತಿಗೆ ಬೆಳಗಿನ ಓದೊಂದಿತ್ತು. ಬಾಣಂತಿಗೆ ಎಣ್ಣೆ ಹಚ್ಚಿ, ನೀರೆರೆದು, ತಿಂಡಿ ಕೊಟ್ಟು, ಒಂಬತ್ತರ ಹೊತ್ತಿಗೆ ಬಾಲ್ಕನಿಯ ಸಣ್ಣ ಸ್ಟೂಲಿನ ಮೇಲೆ ಕೂರುತ್ತಿದ್ದರು. ಇದು ದನಿಯಿಲ್ಲದ ಓದು. ತುಟಿ ಮಾತ್ರ ಅಲ್ಲಾಡುತ್ತಿತ್ತು, ಆಮೇಲೆ ಅದೂ ಇಲ್ಲ. ಅರ್ಧ ಗಂಟೆ ಹಾಗೇ ಕೂತು, ಸೊಂಟದ ಎಲೆಯಡಿಕೆ ಚೀಲದಿಂದ ಒಂದು ಬೆರಳುದ್ದವೂ ಇಲ್ಲದ ಪೆನ್ಸಿಲ್ ತೆಗೆದು ಏನೋ ಗುರುತು ಮಾಡಿ ಏಳುತ್ತಿದ್ದರು. ಬಟ್ಟೆ ಒಣಹಾಕುವ ನೆಪದಲ್ಲಿ ನಾನು ಇಣುಕಿ ನೋಡುತ್ತಿದ್ದೆ. ದಿನವೂ ಅದೇ ಪುಟ. ಒಂದು ತಿಂಗಳಾದರೂ ಅದೇ ಪುಟ.

"ಬೀಗರೇ, ಆ ಪುಟ ಅರ್ಥ ಆಗ್ತಿಲ್ವಾ?" ಎಂದು ಕೇಳಿಯೂ ಬಿಟ್ಟೆ.

"ಅರ್ಥ ಆಯ್ತದೆ. ಅದೇ ತೊಂದ್ರೆ" ಅಂದರು.

ಅದನ್ನು ನಾನು ಸಂಕೋಚದ ಮಾತೆಂದು ತಿಳಿದೆ. ಓದು ಬಾರದವರು ಹೀಗೆ ಮುಚ್ಚಿಕೊಳ್ಳುವುದನ್ನು ನನ್ನ ಲೆಕ್ಟರ್ ತರಬೇತಿಯಲ್ಲಿ ಬೇಕಾದಷ್ಟು ಕಂಡಿದ್ದೆ. ಹೆಲ್ಪ್ ಮಾಡೋಣ ಅನ್ನಿಸಿತು. ನಿಜವಾಗಿಯೂ ಹಾಗೇ ಅನ್ನಿಸಿತ್ತು, ಈಗಲೂ ಅದನ್ನು ಸುಳ್ಳೆನ್ನಲಾರೆ.

ಒಂದು ಮಧ್ಯಾಹ್ನ ಅವರು ಊಟವಾಗಿ ಒರಗಿದ್ದಾಗ ಪುಸ್ತಕವನ್ನು ತೆಗೆದುಕೊಂಡೆ. ಮಗುವಿನ ಸಾಮಾನು ಬಂದಿದ್ದ ಪಾರ್ಸೆಲ್ಲಿನ ಬ್ರೌನ್ ಪೇಪರನ್ನು ಸ್ಯಾನಿಟೈಸರಿನಲ್ಲಿ ಒರೆಸಿ ಇಟ್ಟಿದ್ದೆ. ಸಿಸ್ಟರ್ ಕಲಿಸಿದ ಹಾಗೆ ಮೂಲೆ ಮಡಿಸಿ ಬೈಂಡ್ ಹಾಕಿದೆ. ಲೇಬಲ್ ಅಂಟಿಸಿ ಅವರ ಹೆಸರು ಬರೆದೆ. ಆ ಪುಟವನ್ನು ತೆರೆದು ನೋಡಿದರೆ, ಒಂದು ಸಾಲಿನ ಪಕ್ಕದ ಮಾರ್ಜಿನ್ನಿನ ತುಂಬ ಪೆನ್ಸಿಲ್ ಚುಕ್ಕೆಗಳು. ಸಾಸಿವೆ ಚೆಲ್ಲಿದ ಹಾಗೆ. ಯೋಚನೆಯಲ್ಲಿ ಸುಮ್ಮನೆ ಪೆನ್ಸಿಲ್ ಕುಟ್ಟುತ್ತಾ ಕೂತಿದ್ದಾರೆ ಅಂದುಕೊಂಡೆ. ಅಳಿಯನ ಮೇಜಿನಿಂದ ರಬ್ಬರ್ ತಂದು ಒಂದೊಂದನ್ನೂ ಅಳಿಸಿದೆ. ಬಹಳ ಹೊತ್ತು ಹಿಡಿಯಿತು. ಆಮೇಲೆ ಆ ಸಾಲಿನ ಎರಡು ಕಷ್ಟದ ಪದಗಳಿಗೆ ಚಿಕ್ಕ ಅಕ್ಷರದಲ್ಲಿ ಇಂಕಿನಲ್ಲಿ ಅರ್ಥ ಬರೆದೆ. ಒಬ್ಬರನ್ನೊಬ್ಬರು ತಾಳಿಕೊಳ್ಳುವುದು, ತಪ್ಪನ್ನು ಮನ್ನಿಸುವುದು, ಇಂಥ ಮಾತಿದ್ದ ಸಾಲು ಅದು.

ನಾಲ್ಕು ಗಂಟೆಯ ಕಾಫಿಗೆ ಅವರ ಕೈಯಲ್ಲಿಟ್ಟೆ. "ಅಯ್, ಬೋ ಚೆಂದಾಗೈತೆ" ಎಂದು ಬೈಂಡನ್ನು ಸವರಿದರು. ರಿಬ್ಬನ್ ಇದ್ದ ಪುಟವನ್ನು ತೆರೆದರು. ಬೆರಳು ಮಾರ್ಜಿನ್ನಿನ ಮೇಲೆ ಹೋಗಿ ಅಲ್ಲೇ ನಿಂತಿತು. ಕಾಗದವನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರು. ಆಮೇಲೆ ನಗಲು ಶುರುಮಾಡಿದರು, ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು. "ಎಷ್ಟ್ ಕಷ್ಟಪಟ್ಟವ್ರೆ" ಅಂದರೇ ಹೊರತು ಇನ್ನೇನೂ ಹೇಳಲಿಲ್ಲ. ಕಾಫಿ ಕುಡಿದು ಲೋಟ ತೊಳೆಯಲು ಹೋದರು.

ಮಾರನೆಯ ಬೆಳಿಗ್ಗೆ ಸ್ಟೂಲಿನ ಮೇಲೆ ಕೂತರು, ಪುಸ್ತಕ ಮಡಿಲಲ್ಲಿ ಮುಚ್ಚಿಯೇ ಇತ್ತು. ಅದರ ಮಾರನೆಯ ದಿನವೂ. ಮೂರನೆಯ ದಿನವೂ. ಸಂಜೆಯ ಸರದಿ ಎಂದಿನಂತೆ ಓದಿದರು, ನನಗೆ ಬೆಲ್ಲದ ಕಾಫಿ ಮಾಡಿಕೊಟ್ಟರು, ನನ್ನ ಮಂಡಿಗೆ ಎಣ್ಣೆ ಹಚ್ಚಿದರು. ಆದರೆ ಬೆಳಗಿನ ಪುಸ್ತಕ ತೆರೆಯಲಿಲ್ಲ. ನನಗೆ ಒಳಗೇ ಸಿಟ್ಟು. ಇಷ್ಟು ಮಾಡಿಕೊಟ್ಟ ಮೇಲೂ ಓದುವುದಿಲ್ಲವೆಂದರೆ?

ಅಳಿಯ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಿಂದ ರೋಟಿ ತಪೌ ಮಾಡಿಸಿ, ಅಂದರೆ ಪಾರ್ಸೆಲ್ ಕಟ್ಟಿಸಿ, ತಂದಿದ್ದ. ಅಡುಗೆಮನೆಯಲ್ಲಿ ಪೊಟ್ಟಣ ಬಿಚ್ಚುತ್ತಿದ್ದವನ ಹತ್ತಿರ ಹೋಗಿ ನನ್ನ ದೂರು ಹೇಳಿದೆ. ಅವನ ಕೈ ನಿಂತಿತು.

"ಮಮ್ಮಿ, ಆ ಡಾಟ್ಸ್ ಅಳಿಸಿದ್ರಾ? ಎಲ್ಲಾನೂ?"

"ಗಲೀಜಾಗಿತ್ತಪ್ಪ."

ಅವನು ಸಿಂಕಿಗೆ ಒರಗಿ ನಿಂತು ಹೇಳಿದ. ಅವನ ತಾಯಿಗೆ ಓದು ಕಲಿಸಿದ್ದು ಊರಿನ ಹಳೆಯ ಉಪದೇಶಿ, ಚರ್ಚಿನ ಜಗಲಿಯ ಮೇಲೆ, ಮದುವೆಯಾಗಿ ಬಂದ ಹೆಂಗಸರನ್ನೆಲ್ಲ ಕೂರಿಸಿಕೊಂಡು. ಬೇರೆ ಪುಸ್ತಕವಿಲ್ಲ, ಪವಿತ್ರಗ್ರಂಥ ಒಂದೇ. ಅವರಿಟ್ಟ ನಿಯಮವೂ ಒಂದೇ. ಓದುತ್ತಾ ಯಾವ ಸಾಲು ನಿನಗೆ ಚುಚ್ಚುತ್ತದೋ ಅಲ್ಲಿ ನಿಲ್ಲು. ಆ ಸಾಲು ಹೇಳಿದ್ದನ್ನು ಮಾಡುವತನಕ ಮುಂದೆ ಹೋಗಬೇಡ. ಮಾಡಲಾಗದ ದಿನ ಒಂದು ಚುಕ್ಕೆ ಇಡು. ಮಾಡಿದ ದಿನ ಎಲ್ಲವನ್ನೂ ಅಳಿಸಿ ಮುಂದಕ್ಕೆ ಹೋಗು.

"ಚಿಕ್ಕೋರಾಗಿದ್ದಾಗ ನಮಗೆ ಚೆನ್ನಾಗಿ ಗೊತ್ತಾಗ್ತಿತ್ತು" ಅಂದ. "ಕೋಪದ ಸಾಲಿನ ಮೇಲೆ ಅವ್ವ ಕೂತಿದ್ರೆ ನಮಗೆ ಹಾಲಿಡೇ. ಏನ್ ಮಾಡಿದ್ರೂ ಏಟಿಲ್ಲ. ತಮ್ಮ ಅಂತೂ ಹೋಗಿ ಚುಕ್ಕೆ ಎಣಿಸಿ ಬರ್ತಿದ್ದ."

"ಮೂವತ್ತು ವರ್ಷದಲ್ಲಿ ಎಷ್ಟು ಓದಿದ್ದಾರೆ?"

"ಅರ್ಧ ಆಗಿರ್ಬಹುದು."

"ಈ ಸಾಲು ಯಾವುದಕ್ಕೆ?"

ಅವನು ರೋಟಿಯ ಸಾರನ್ನು ಬಟ್ಟಲಿಗೆ ಸುರಿಯುತ್ತಾ ಬೆನ್ನು ತಿರುಗಿಸಿದ. "ಅವ್ವನ್ನೇ ಕೇಳಿ, ಮಮ್ಮಿ."

ಕೇಳಲು ಎರಡು ದಿನ ಬೇಕಾಯಿತು. ಬಾಲ್ಕನಿಯಲ್ಲಿ ಮಗುವಿನ ಬಟ್ಟೆ ಮಡಿಸುತ್ತಿದ್ದಾಗ ಕೇಳಿದೆ. ಅವರು ಕೈಯಲ್ಲಿದ್ದ ಲಂಗೋಟಿಯನ್ನು ನಾಲ್ಕು ಮಡಿಕೆ ಮಾಡಿ ಇಟ್ಟರು.

"ಏಳ್ತೀನಿ. ಆದ್ರೆ ನೀವು ನೊಂದ್ಕೋಬಾರ್ದು."

"ಇಲ್ಲ, ಹೇಳಿ."

"ನೀವೇ ಬೀಗ್ರೆ."

ನನಗೆ ಅರ್ಥವಾಗಲಿಲ್ಲ. ಅವರು ನಿಧಾನವಾಗಿ, ಓದುವ ಹಾಗೇ, ಒಂದೊಂದಾಗಿ ಹೇಳಿದರು. ನಾಲ್ಕು ವರ್ಷದ ಹಿಂದೆ, ಮಕ್ಕಳ ಮದುವೆಗೆ ಮುನ್ನಾದಿನ, ಮೈಸೂರಿನ ನಮ್ಮ ಚರ್ಚಿನಲ್ಲಿ ರಿಹರ್ಸಲ್. ಮದುವೆಯ ಬಲಿಪೂಜೆಯಲ್ಲಿ ಒಂದು ವಾಚನವನ್ನು ತಾಯಿ ಓದಲಿ ಎಂದು ಮಗ ಕೇಳಿಕೊಂಡಿದ್ದ. ಅವರು ಒಂದು ತಿಂಗಳು ಹುಳುವಿನ ಮನೆಯಲ್ಲಿ, ತಟ್ಟೆಗಳ ಮುಂದೆ ನಿಂತು ಅದನ್ನು ಅಭ್ಯಾಸ ಮಾಡಿದ್ದರು. ಸರಿಯಿದೆಯೇ ಎಂದು ನನಗೊಮ್ಮೆ ಓದಿ ತೋರಿಸೋಣವೆಂದು ಪುಸ್ತಕ ಹಿಡಿದು ನನ್ನ ಹಿಂದೆ ಬಂದು ನಿಂತಿದ್ದಾಗ ನಾನು ಕ್ವಾಯರಿನವರಿಗೆ ಹೇಳುತ್ತಿದ್ದೆನಂತೆ: "ವೀಡಿಯೋ ತೆಗೀತಾರೆ, ಫಾರಿನ್ನಿಂದ ಜನ ಬರ್ತಿದ್ದಾರೆ. ತಡವರಿಸೋರು ಬೇಡ. ನಮ್ಮ ನೀಸ್ ಓದ್ತಾಳೆ."

"ಉಳುಗಳಿಗೆ ಓದಿ ಓದಿ ಅವಕ್ಕೇ ಬಾಯ್ಪಾಠ ಆಗೋಗಿತ್ತು" ಎಂದು ನಕ್ಕರು. ಆಮೇಲೆ ನಗಲಿಲ್ಲ. "ಅವತ್ತಿಂದ ಆ ಗೆರೆ ದಾಟಕ್ಕಾಗಿಲ್ಲ. ದಿನಾ ನೋಡ್ತೀನಿ, ಇವತ್ತು ಓಗಿರ್ತದೆ ಅಂತ. ಓಗಿರಾಕಿಲ್ಲ. ಚುಕ್ಕೆ ಇಕ್ತೀನಿ. ನೀವು ಅಳಿಸ್ಬುಟ್ರಿ. ನಗೂನೂ ಬಂತು, ಅಳೂನೂ ಬಂತು. ಅದ ನಾನ್ ಅಳಿಸ್ಬೇಕಲ್ವಾ? ಬ್ಯಾರೇರ್ ಅಳಿಸಿದ್ರೆ ಆಯ್ತದಾ?"

"ಅದೊಂದನ್ನು ಬಿಟ್ಟು ಮುಂದೆ ಓದಬಹುದಿತ್ತಲ್ಲ" ಅಂದೆ. ನನ್ನ ಬಾಯಿಗೆ ಬಂದದ್ದು ಅಷ್ಟೇ.

"ರೇಷ್ಮೆ ಉಳ ಪೊರೆ ಬುಡೋಕ್ ಮುಂಚೆ ಮೇವು ಬುಟ್ಟು, ತಲೆ ಎತ್ಕೊಂಡು ಸುಮ್ನೆ ಕುಂತಿರ್ತದೆ. ಆವಾಗ ಸೊಪ್ಪಾಕಿದ್ರೆ ತಿನ್ನಾಕಿಲ್ಲ. ಸೊಪ್ಪೂ ಕೊಳೀತದೆ, ಉಳಾನೂ ಕೆಡ್ತದೆ. ಕಾಯ್ಬೇಕು."

ನಾನು ಆಗಲೂ ತಪ್ಪಾಯಿತು ಅನ್ನಲಿಲ್ಲ. ಅದು ಇಂಗ್ಲಿಷ್ ಮಾಸ್ ಆಗಿತ್ತು, ಬುಕ್‌ಲೆಟ್ ಪ್ರಿಂಟಿಗೆ ಹೋಗಿತ್ತು, ಪ್ರಾಕ್ಟಿಕಲ್ ಆಗಿ ಯೋಚಿಸಬೇಕಿತ್ತು ಎಂದೆಲ್ಲ ಹೇಳಿದೆ. ಅವರು ತಲೆದೂಗಿ, "ಊಂ, ನೀವೇಳೋದೂ ಸರೀನೇ" ಅಂದರು. ಅಣಕವಿರಲಿಲ್ಲ ಆ ಮಾತಿನಲ್ಲಿ. ಅದೇ ನನ್ನನ್ನು ಅಲ್ಲಿಂದ ಎಬ್ಬಿಸಿತು.

ಕೋಣೆಗೆ ಬಂದು ಮಂಚದ ಮೇಲೆ ಕೂತೆ. ಆ ಘಟನೆ ನನಗೆ ನೆನಪೇ ಇರಲಿಲ್ಲ, ನಾಚಿಕೆಯಾದದ್ದು ಅದಕ್ಕೇ ಹೆಚ್ಚು. ನಾನು ಮರೆತೇಬಿಟ್ಟಿದ್ದ ಒಂದು ಮಾತಿನ ಮುಂದೆ ಈಕೆ ನಾಲ್ಕು ವರ್ಷ ಪ್ರತಿ ಬೆಳಿಗ್ಗೆ ಕೂತಿದ್ದಾರೆ. ಇಷ್ಟು ದಿನ ಒಂದೇ ಕೋಣೆಯಲ್ಲಿ ಮಲಗಿ, ನನ್ನ ಮಂಡಿ ತಿಕ್ಕಿ, ಬಿಸಿ ರೊಟ್ಟಿಯನ್ನು ಮೊದಲು ನನ್ನ ತಟ್ಟೆಗೇ ಹಾಕಿದ್ದಾರೆ. ಎಲ್ಲಾ ಸರಿಹೋಯಿತು ಎಂದು ತಮಗೆ ತಾವು ಸುಳ್ಳು ಹೇಳಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಪುಟ ತಿರುಗುತ್ತಿತ್ತು. ಅವರು ತಿರುಗಿಸಲಿಲ್ಲ. ಅಕ್ಷರ ಕೂಡಿಸುತ್ತಿದ್ದಾರೆ ಎಂದು ನಾನು ಕನಿಕರಪಟ್ಟ ಆ ಅರ್ಧ ಗಂಟೆಯಲ್ಲಿ ಆ ಮನೆಯ ಅತಿ ಕಷ್ಟದ ಕೆಲಸ ನಡೆಯುತ್ತಿತ್ತು.

ಮಾರನೆಯ ದಿನ ಅವರನ್ನು ಕೇಳಿ ಪುಸ್ತಕವನ್ನು ನಾನು ತೆಗೆದುಕೊಂಡೆ. ಅದೇ ಪುಟ. ಅವರ ಸಾಲಿಗಿಂತ ಸ್ವಲ್ಪ ಮೇಲೆ ವಿನಯದ ಮಾತಿತ್ತು, ಬಟ್ಟೆ ತೊಟ್ಟ ಹಾಗೆ ಅದನ್ನು ತೊಟ್ಟುಕೊಳ್ಳುವ ಮಾತು. ಆ ಭಾಗವನ್ನು ನಾನು ಚರ್ಚಿನಲ್ಲಿ ಎಷ್ಟು ಸಲ ಓದಿದ್ದೇನೋ. ಎಲ್ಲಿ ಒತ್ತು ಕೊಡಬೇಕು, ಎಲ್ಲಿ ಉಸಿರೆಳೆದುಕೊಳ್ಳಬೇಕು, ಯಾವ ಪದದಲ್ಲಿ ಜನರ ಕಡೆ ನೋಡಬೇಕು ಎಲ್ಲ ಗೊತ್ತಿತ್ತು. ಈಗ ಆ ಸಾಲಿನಲ್ಲಿ ನಿಂತರೆ ಮುಂದೆ ಹೋಗಲು ಕಾಲು ಬರಲಿಲ್ಲ. ಸ್ಟೂಲು ಬಹಳ ತಗ್ಗು, ಮಂಡಿ ನೋಯುತ್ತಿತ್ತು, ಏಳಲು ನೆಪ ಸಿಗುತ್ತಿತ್ತು. ಎದ್ದೆ. ಮರುದಿನ ಮತ್ತೆ ಕೂತೆ.

ಸಾರಿ ಎನ್ನುವುದು ನನಗೆ ಸುಲಭ. ಲಿಫ್ಟಿನಲ್ಲಿ ಕೈ ತಾಗಿದರೂ ಸಾರಿ, ಸೀನು ಬಂದರೂ ಸಾರಿ. ಆದರೆ ಒಬ್ಬರ ಮುಖ ನೋಡಿ, ನಾನು ಹೀಗೆ ಮಾಡಿದೆ, ಅದು ತಪ್ಪು ಎಂದು ನಾನು ಯಾರಿಗೂ ಹೇಳಿದವಳಲ್ಲ. ನನ್ನ ಯಜಮಾನರಿಗೂ ಹೇಳಲಿಲ್ಲ. ಆಸ್ಪತ್ರೆಯ ಕೊನೆಯ ವಾರದಲ್ಲಿ ಅವರು ನನ್ನ ಕಡೆ ನೋಡುತ್ತಾ ಕಾಯುತ್ತಿದ್ದಾರೆ ಎಂದು ಒಂದು ಗಳಿಗೆ ಅನ್ನಿಸಿತ್ತು. ನಾನು ದಿಂಬು ಸರಿಮಾಡಿದೆ.

ಹೀಗೆ ಒಂದು ವಾರ ಕಳೆಯಿತು. ಸೋಮವಾರ ಅಳಿಯನಿಗೆ ಇಮೇಲ್ ಬಂತು. ಸಿಕ್ಕಿಹಾಕಿಕೊಂಡವರನ್ನು ಊರಿಗೆ ಕರೆದೊಯ್ಯುವ ವಿಮಾನ ಗುರುವಾರ, ಬೆಂಗಳೂರಿಗೆ. ಪಟ್ಟಿಯಲ್ಲಿ ಬೀಗಿತ್ತಿಯ ಹೆಸರಿತ್ತು, ನನ್ನದಿರಲಿಲ್ಲ. ಅವರ ಬಿಪಿ ಮಾತ್ರೆ ಮುಗಿಯುತ್ತಾ ಬಂದಿದೆ ಎಂದು ಅವನು ಬರೆದುಕೊಂಡಿದ್ದಕ್ಕೆ ಸೀಟು ಸಿಕ್ಕಿತ್ತು. ಮಗಳು ಅತ್ತಳು. ಬೀಗಿತ್ತಿ ಮಗುವಿಗೆ ಹೊಲಿಯುತ್ತಿದ್ದ ಕುಲಾವಿಯನ್ನು ಮುಗಿಸಲು ಕೂತರು. ನಾನು ದಿನ ಲೆಕ್ಕ ಹಾಕಿದೆ. ಅವರು ಹೀಗೇ ಹೋದರೆ ಆ ಸಾಲನ್ನು ಹೊತ್ತುಕೊಂಡೇ ಹೋಗುತ್ತಾರೆ, ಊರಿನ ಜಗಲಿಯಲ್ಲಿ ಮತ್ತೆ ಮೊದಲಿನಿಂದ ಚುಕ್ಕೆ ಇಡುತ್ತಾರೆ. ಕಾಯಿಲೆಯ ಕಾಲ. ಮತ್ತೆ ಯಾರು ಯಾರನ್ನು ನೋಡುತ್ತಾರೋ.

ಮಂಗಳವಾರ ಸಂಜೆಯ ಸರದಿ ನನ್ನದು. ಪುಸ್ತಕ ತೆರೆದವಳು ಓದಲಿಲ್ಲ. ನಾಲ್ಕು ಜನರ ಮುಂದೆ ಆಡಿದ ಮಾತನ್ನು ನಾಲ್ಕು ಜನರ ಮುಂದೆಯೇ ಹಿಂದೆ ತೆಗೆದುಕೊಳ್ಳಬೇಕು ಎಂದು ಅಷ್ಟು ಮಾತ್ರ ನಿರ್ಧಾರ ಮಾಡಿಕೊಂಡಿದ್ದೆ. ಮದುವೆಯ ಮುನ್ನಾದಿನ ನಾನು ಅಂದದ್ದನ್ನು ಅಕ್ಷರ ಬಿಡದೆ ಮಗಳ ಮುಂದೆ, ಅಳಿಯನ ಮುಂದೆ ಹೇಳಿದೆ. ಬುಕ್‌ಲೆಟ್ ಪ್ರಿಂಟಾಗಿರಲಿಲ್ಲ ಎಂದೂ ಹೇಳಿದೆ. ಬಾಲ್ಕನಿಯಲ್ಲಿ ಪ್ರಿಂಟಿಗೆ ಹೋಗಿತ್ತು ಎಂದದ್ದು ಸುಳ್ಳಾಗಿತ್ತು. ಆಮೇಲೆ ಬೀಗಿತ್ತಿಯ ಕಡೆ ತಿರುಗಿ, "ನನ್ನಿಂದ ತಪ್ಪಾಯ್ತು. ನಿಮ್ಮ ಓದು ಕೇಳೋ ಯೋಗ್ಯತೆ ನನಗಿರಲಿಲ್ಲ. ನನ್ನನ್ನು ಕ್ಷಮಿಸಿ" ಅಂದೆ.

ಮಗಳು, "ಮಮ್ಮಿ" ಅಂದವಳು ಅಲ್ಲಿಗೇ ನಿಲ್ಲಿಸಿದಳು.

ಯಾರಾದರೂ ಆಗ ಏನನ್ನುತ್ತಾರೆ? ಅಯ್ಯೋ ಬಿಡಿ, ಅದೇನು ದೊಡ್ಡ ವಿಷಯ ಅನ್ನುತ್ತಾರೆ. ನಾನೂ ಅದನ್ನೇ ಕಾಯುತ್ತಿದ್ದೆ. ಬೀಗಿತ್ತಿ ಅನ್ನಲಿಲ್ಲ. ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನನ್ನನ್ನು ನೋಡಿದರು.

"ನಾಳಿಕ್ ಏಳ್ತೀನಿ ಬೀಗ್ರೆ. ಬಾಯ್ಮಾತ್ಗೆ ಆಯ್ತು ಅಂದ್ಬುಡ್ಬೋದು. ಒಳಗ್ ನೋಡ್ಬೇಕು."

ಅಷ್ಟು ದಿನದ ಮೆಚ್ಚುಗೆಯೆಲ್ಲ ನನಗೆ ಆ ಒಂದು ಮಾತಿನಲ್ಲಿ ಗಟ್ಟಿಯಾಯಿತು. ಇಷ್ಟು ನಿಷ್ಠುರವಾದ ಗೌರವವನ್ನು ನನಗೆ ಯಾರೂ ಕೊಟ್ಟಿರಲಿಲ್ಲ. ಅವತ್ತು ಬಿಟ್ಟುಹೋದ ಮದುವೆಯ ವಾಚನವನ್ನು ಈಗ ಓದುತ್ತೀರಾ ಎಂದು ಕೇಳಿದೆ. "ಅದು ಮದ್ವೆ ಓದು, ಅವತ್ಗಾಯ್ತು. ಇವತ್ತಿಂದ ಇವತ್ ಓದಾಣ" ಎಂದು ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡರು. ಓದುತ್ತಾ ನಡುವೆ ಬೆರಳು ನಿಂತಿತು. ನನ್ನ ಬಾಯಲ್ಲಿ ಆ ಪದ ಬಂದು ನಿಂತಿತ್ತು. ತುಟಿ ಕಚ್ಚಿಕೊಂಡೆ. ಮಗು ಒಮ್ಮೆ ಬಿಕ್ಕಳಿಸಿತು, ದೂರದಲ್ಲಿ ಸುರಾವ್ ಎನ್ನುವ ಸಣ್ಣ ಮಸೀದಿಯಿಂದ ಸಂಜೆಯ ಬಾಂಗು ಕೇಳಿಸಿತು. ಆ ಪದಕ್ಕಿಂತ ಮುಂಚೆ ಎಷ್ಟು ಜಾಗವಿದೆ ಎಂದು ನನಗೆ ಗೊತ್ತಿರಲಿಲ್ಲ. ಅವರು ಪದವನ್ನು ಕೂಡಿಸಿ ಹೇಳಿದಾಗ, ಅದೆಷ್ಟೋ ಸಲ ಓದಿದ್ದ ಆ ಪದವನ್ನು ನಾನು ಮೊದಲ ಸಲ ಕೇಳಿಸಿಕೊಂಡೆ.

ಬುಧವಾರ ಬೆಳಿಗ್ಗೆ ಅವರು ಬಾಲ್ಕನಿಯಲ್ಲಿ ಎಂದಿಗಿಂತ ಹೆಚ್ಚು ಹೊತ್ತು ಕೂತಿದ್ದರು. ನಾನು ಅಡುಗೆಮನೆಯಲ್ಲಿ ಒರೆಸಿದ ಕಟ್ಟೆಯನ್ನೇ ಒರೆಸುತ್ತಿದ್ದೆ. ಬಂದು ಬಾಗಿಲಲ್ಲಿ ನಿಂತರು.

"ಹುಡುಕ್ದೆ" ಅಂದರು. "ಎಲ್ಲಾ ಕಡೇನೂ ಹುಡುಕ್ದೆ. ಇಲ್ಲ ಬೀಗ್ರೆ, ಓಗೈತೆ."

ನಾನು ಒರೆಸುವ ಬಟ್ಟೆಯನ್ನು ಕೆಳಗಿಟ್ಟೆ. ಅವರು ಸೀರೆಯನ್ನು ಮಂಡಿಯ ತನಕ ಎತ್ತಿ ಸಿಕ್ಕಿಸಿಕೊಳ್ಳುತ್ತಾ, "ನಾಳೆ ನಾನ್ ಊರ್ಗ್ ಓದ್ಮೇಲೆ ಮಗೀಗ್ ನೀರಾಕೋರು ಯಾರು? ಬನ್ನಿ, ತೋರಿಸ್ತೀನಿ" ಅಂದರು.

ಬಚ್ಚಲಲ್ಲಿ ಮಣೆ ಹಾಕಿಕೊಂಡು ಕಾಲು ನೀಡಿ ಕೂತು ಮಗುವನ್ನು ಕಾಲ ಮೇಲೆ ಬೋರಲಾಗಿ ಮಲಗಿಸಿಕೊಂಡರು. ನನ್ನ ಕೈಗೆ ಚೊಂಬು ಕೊಟ್ಟರು. ಇಬ್ಬರು ಮಕ್ಕಳನ್ನು ಹೆತ್ತ ನಾನು ಒಬ್ಬರಿಗೂ ಹೀಗೆ ಸ್ನಾನ ಮಾಡಿಸಿರಲಿಲ್ಲ, ನಮ್ಮಲ್ಲಿ ಆಯಾ ಇದ್ದಳು.

"ನನಗೆ ಗೊತ್ತಿಲ್ಲ, ಹೇಳ್ಕೊಡಿ" ಅಂದೆ.

"ಎತ್ತರದಿಂದ ಉಯ್ಬೇಡಿ. ಬೆನ್ ಮೇಲೆ, ಸಣ್ಕೆ. ಆ, ಅಂಗೆ. ಯಾಕ್ ನಿಲ್ಸ್‌ಬುಟ್ರಿ?"

"ಬಿದ್ದುಹೋದರೆ ಅಂತ ಭಯ."

"ಬೀಳಾಕಿಲ್ಲ. ನಾನ್ ಇಡ್ಕಂಡಿದ್ದೀನಿ. ನೀವ್ ಉಯ್ರಿ."

ಮೊಮ್ಮಗಳು ಅಳುವುದನ್ನು ನಿಲ್ಲಿಸಿ ಮುಷ್ಟಿಯನ್ನು ಬಾಯಿಗೆ ತುರುಕಿಕೊಂಡಳು. ನಾನು ಇನ್ನೊಂದು ಚೊಂಬು ನೀರು ತುಂಬಿಸಿಕೊಂಡೆ.